ವಿಸ್ಮಯವೂ ಆಶೆಯೂ

ಬಾಲಕನ ಮನಸ್ಸು ಅಪೂರ್ವವಾದ ವಸ್ತುವೊಂದರಲ್ಲಿ ನೆಟ್ಟುಹೋದರೆ ಅದನ್ನು ಆಶೆಯೆನ್ನಬೇಕೆ, ವಿಸ್ಮಯವೆನ್ನಬೇಕೆ? ಹಿರಿಯೂರು ತಾಲ್ಲೂಕಿನ ಧರ್ಮಪುರದ ಭಕ್ತರೊಬ್ಬರ ಮಗ ಮನೆಯ ಗೋಡೆಗೆ ವಿದೇಶೀ ಕಾರೊಂದರ ಚಿತ್ರವನ್ನು ಅಂಟಿಸಿ ದಿನವೂ ಅದನ್ನೇ ನೋಡುತ್ತಿರುತ್ತಾನಂತೆ. "ಶೇಂಗಾ ಬೆಳೆದು ಸಾಲ ತೀರಿಸುವುದೇ ಕಷ್ಟವಾಗಿರುವಾಗ ಈ ಭೋಗದ ಹುಚ್ಚು ಬೇಕೆ, ಬುದ್ಧಿ?" ಎಂಬುದು ತಂದೆಯ ಅಳಲು. ಚಿತ್ರವನ್ನು ಹರಿಯಬೇಡಿರೆಂದು ನಾವು ಹೇಳಿದೆವು. ಅದರ ಕಾರಣವನ್ನು ಇಲ್ಲಿ ವಿವರಿಸುವುದು ಉಚಿತ.

ಆ ಕಾರು ಇಟಲಿಯ ಲ್ಯಾಂಬೋರ್ಗಿನಿ ಕೌಂಟಾಚ್. 1971ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1974ರಿಂದ 1990ರವರೆಗೆ ತಯಾರಾಯಿತು. ಒಟ್ಟು ಎರಡು ಸಾವಿರಕ್ಕೂ ಕಡಿಮೆ. ಹನ್ನೆರಡು ಸಿಲಿಂಡರಿನ ಎಂಜಿನ್, ಮೇಲಕ್ಕೆ ತೆರೆದುಕೊಳ್ಳುವ ಬಾಗಿಲುಗಳು, ಕೂರಲು ಇಬ್ಬರಿಗೆ ಮಾತ್ರ ಸ್ಥಳ. ಹಿಂಬದಿ ಸರಿಯಾಗಿ ಕಾಣದ ಕಾರಣ, ಹಿಂದಕ್ಕೆ ನಡೆಸುವಾಗ ಚಾಲಕನು ಬಾಗಿಲೆತ್ತಿ, ಅದರ ಅಂಚಿನ ಮೇಲೆ ಕುಳಿತು ತಿರುಗಿ ನೋಡುವ ರೂಢಿಯಿತ್ತು! ಬದುಕಿಗೆ ಇದರಿಂದಾಗುವ ಉಪಯೋಗ ಅತ್ಯಲ್ಪವೆಂಬುದನ್ನು ಒಪ್ಪೋಣ. ಆದರೆ ಕೌಂಟಾಚ್ ಎಂಬ ಹೆಸರೇ ಪಿಯೆಡ್‌ಮಾಂಟ್ ಪ್ರಾಂತದ ಆಡುಮಾತಿನ ಒಂದು ಉದ್ಗಾರ, ನಾವು 'ಅಬ್ಬಾ!' ಎನ್ನುವಂತೆ. ಬಾಲಕನು ಅಂದದ್ದೂ ಅಷ್ಟೆ.

ಈ ಉದ್ಗಾರದಲ್ಲಿ 'ನನ್ನದು' ಎಂಬ ಮಾತು ಸೇರಿಲ್ಲ. 1933ರ ಬಳಿಕ ಮೊದಲ ಸಲ, 2022ರಲ್ಲಿ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಮೊದಲು ಬೆರಗಾದರು. ಆ ನೀರು ಯಾರ ಕೆರೆಗೆ ಎಂಬ ಲೆಕ್ಕ ಆಮೇಲಿನದು. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿರುವ ಹಳೆಯ ಕಾರುಗಳನ್ನು ಯಾತ್ರಿಕರು ಕಣ್ತುಂಬ ನೋಡಿ ಬಸ್ಸು ಹತ್ತುತ್ತಾರೆ.

ವಿಸ್ಮಯವೇ ಬೆಳೆದು ಆಶೆಯಾಗದೆ ಎಂದು ಕೇಳಬಹುದು. ಆಗುತ್ತದೆ, ಬಹುಮಟ್ಟಿಗೆ ಹಿರಿಯರಿಂದಲೇ ಆಗುತ್ತದೆ. 'ಚೆನ್ನಾಗಿ ಓದು, ಇಂಥದನ್ನು ಕೊಳ್ಳಬಹುದು' ಎಂದು ಹುರಿದುಂಬಿಸುವುದೂ, 'ಇದು ನಮ್ಮಂಥವರಿಗಲ್ಲ' ಎಂದು ಗದರಿಸುವುದೂ ಒಂದೇ; ಎರಡೂ ಆ ಚಿತ್ರಕ್ಕೆ ಬೆಲೆ ಕಟ್ಟುತ್ತವೆ. ಅಂದಿನಿಂದ ಹುಡುಗ ಮನೆಯ ಮುಂದಿನ ಟ್ರಾಕ್ಟರಿಗೆ ನಾಚತೊಡಗುತ್ತಾನೆ. ಕಾಯಕವನ್ನು ನಂಬಿದ ಮನೆಗೆ ನಷ್ಟವಾಗುವುದು ಇಲ್ಲಿ. 1963ರಲ್ಲಿ ಆ ಕಾರಿನ ಸಂಸ್ಥೆಯನ್ನು ಕಟ್ಟಿದ ಫೆರುಚಿಯೊ ಲ್ಯಾಂಬೋರ್ಗಿನಿ ರೈತರ ಮಗನೆಂಬುದನ್ನೂ, ಮೊದಲು ಟ್ರಾಕ್ಟರುಗಳನ್ನು ತಯಾರಿಸಿಯೇ ಹೆಸರಾದನೆಂಬುದನ್ನೂ ಹುಡುಗನಿಗೆ ಯಾರಾದರೂ ಹೇಳಬೇಕು.

ಇನ್ನು ಹಿರಿಯರ ವಾಹನಮೋಹದ ಮಾತು. ಮಠಾಧೀಶರಿಗೆ ಬೆಲೆಬಾಳುವ ಕಾರುಗಳನ್ನು ಕಾಣಿಕೆಯಾಗಿ ಒಪ್ಪಿಸುವ ಭಕ್ತರುಂಟು, ಸ್ವೀಕರಿಸುವ ಮಠಾಧೀಶರೂ ಉಂಟು. ಅಂಥ ಸಮಾರಂಭದಲ್ಲಿ 'ಅಬ್ಬಾ' ಎನ್ನುವವರು ಬೀದಿಯ ಮಕ್ಕಳು ಮಾತ್ರ. ಉಳಿದವರು ನೆರೆಯ ಮಠದ ಕಾರು ಇದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಲೆಕ್ಕ ಹಾಕುತ್ತಿರುತ್ತಾರೆ.