ಜ್ವರ ಬಿಟ್ಟವನ ಓಟ

ಆಧಾರಭಾಗ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 2:25–30, 3:12–14



ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅರಳೆಯಿಂದ ಹೆಸರು ಪಡೆದ ಕಾಟನ್‌ಪೇಟೆ ಎಂಬ ಭಾಗವುಂಟು. ಬೆಳಿಗ್ಗೆಯಿಂದ ರಾತ್ರಿಯ ತನಕ ಅಲ್ಲಿ ಕೈಗಾಡಿಗಳ, ಆಟೋರಿಕ್ಷಾಗಳ, ಹೊರೆಯಾಳುಗಳ ಗದ್ದಲವು ನಿಲ್ಲುವದೇ ಇಲ್ಲ. ನಮ್ಮ ಹಳ್ಳಿಯ ಸಭೆಯೊಂದರಿಂದ ಹೋದ ಒಬ್ಬ ಯೌವನಸ್ಥನು ಅಲ್ಲಿಯ ಬಟ್ಟೆಯ ಅಂಗಡಿಯಲ್ಲಿ ಗಂಟು ಹೊತ್ತು ಜೀವನಮಾಡುತ್ತಾನೆ. ಅವನ ಹೆಸರನ್ನು ನಾನು ಬರೆಯುವದಿಲ್ಲ. ಆದರೆ ಅವನ ಸಂಗತಿಯನ್ನು ನಿಮ್ಮ ಮುಂದೆ ಇಡುವದಕ್ಕೆ ಅವನೇ ಒಪ್ಪಿದ್ದಾನೆ.

ಅವನಿಗೆ ಓಟವೆಂದರೆ ಬಹು ಪ್ರೀತಿ. ಅಂಗಡಿಗಳ ಬಾಗಿಲು ತೆರೆಯುವದಕ್ಕೆ ಮುಂಚೆ ಪ್ರತಿದಿನವೂ ಓಡುವನು. 2020–21ರಲ್ಲಿ ಕಾಟನ್‌ಪೇಟೆಯ ಮುಖ್ಯ ರಸ್ತೆಯನ್ನು ಅಗೆದು ಹೊಸದಾಗಿ ಮಾಡುತ್ತಿದ್ದಾಗ, ಮಳೆ ಬಿದ್ದರೆ ಆ ದಾರಿಯು ಕೆಸರಾಗುತ್ತಿತ್ತು. ಅಲ್ಲಿಯೂ ಅವನು ಓಡುವದನ್ನು ಬಿಡಲಿಲ್ಲ. ಶ್ರೀರಂಗಪಟ್ಟಣದ ಸಮೀಪದಲ್ಲಿ, ರಂಗನತಿಟ್ಟಿನ ಬಳಿ, ಕಾವೇರಿ ನೀರಿನ ಕಾಲುವೆಯ ಏರಿಯ ಮಣ್ಣುದಾರಿಯಲ್ಲಿ ದೂರದ ಓಟಗಳನ್ನು ನಡಿಸುತ್ತಾ ಬಂದಿದ್ದಾರೆ. ಒಂದು ವರುಷ ಅವನು ಅಲ್ಲಿ 21 ಕಿಲೋಮೀಟರ್ ಓಡಿ ಸಂತೋಷದಿಂದ ಹಿಂತಿರುಗಿದನು. ಮರುವರುಷವೂ ಹೆಸರು ಕೊಟ್ಟನು. ಆದರೆ ಓಟಕ್ಕೆ ಎರಡು ತಿಂಗಳು ಇರುವಾಗ ಡೆಂಗ್ಯೂ ಜ್ವರವು ಅವನನ್ನು ಹಿಡಿಯಿತು.

ಈ ಜ್ವರವನ್ನು ನಮ್ಮ ಹಳ್ಳಿಗಳೂ ಬಲ್ಲವು. ಮುಚ್ಚದ ತೊಟ್ಟಿಯಲ್ಲಿ, ಒಡೆದ ಮಡಕೆಯಲ್ಲಿ, ಹಳೆಯ ಟೈರಿನಲ್ಲಿ ನಿಂತ ನೀರಿನಿಂದ ಹುಟ್ಟಿ, ಹಗಲಿನಲ್ಲಿ ಕಚ್ಚುವ ಸೊಳ್ಳೆಯು ಅದನ್ನು ಹರಡುತ್ತದೆ. ಅದರ ಒಂದು ಗುಣವನ್ನು ನೆನಪಿನಲ್ಲಿಡಿರಿ: ಮೈ ಸುಡುವ ದಿನಗಳಿಗಿಂತ, ಮೈ ತಣ್ಣಗಾದ ಮೊದಲಿನ ಒಂದೆರಡು ದಿನಗಳಲ್ಲಿಯೇ ಅಪಾಯವು ಹೆಚ್ಚು. ಜ್ವರ ಬಿಟ್ಟಿತು, ಇನ್ನು ಭಯವಿಲ್ಲವೆಂದು ಮನೆಯವರು ಸುಮ್ಮನಾಗುವ ಹೊತ್ತಿನಲ್ಲಿ ಕಠಿಣವಾದ ಹೊಟ್ಟೆನೋವೂ ಬಿಡದ ವಾಂತಿಯೂ ರಕ್ತಸ್ರಾವವೂ ಕಾಣಬಹುದು. ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಗಂಡಾಂತರವು ಕಳೆದ ಮೇಲೆಯೂ ನಿತ್ರಾಣವು ಅನೇಕ ವಾರಗಳ ವರೆಗೆ ಇರುವದುಂಟು.

ನಮ್ಮ ಯೌವನಸ್ಥನು ಬದುಕಿ ಎದ್ದನು. ವೈದ್ಯರು ಅವನನ್ನು ಪರೀಕ್ಷಿಸಿ, ದೂರವನ್ನು 10 ಕಿಲೋಮೀಟರಿಗೆ ಇಳಿಸಿಕೊಂಡು ಮೆಲ್ಲಗೆ ನಡೆದುಹೋಗಬಹುದು, ಆಯಾಸ ಕಂಡರೆ ನಿಂತುಬಿಡಬೇಕು ಎಂದು ಅಪ್ಪಣೆಕೊಟ್ಟರು. ಅವನು ತಲೆಯಾಡಿಸಿದನು. ಆದರೆ ಗುಟ್ಟಾಗಿ ಮನಸ್ಸಿನಲ್ಲಿ ಒಂದು ಗುರುತನ್ನು ಇಟ್ಟುಕೊಂಡನು. ಹೋದ ವರುಷ ಮೊದಲಿನ 10 ಕಿಲೋಮೀಟರನ್ನು ಒಂದು ತಾಸಿನಲ್ಲಿ ಓಡಿದ್ದನು. ಈ ಸಾರಿಯೂ ಒಂದು ತಾಸಿನಲ್ಲಿ ಮುಗಿಸಿದರೆ ದೇವರು ತನ್ನನ್ನು ನಿಶ್ಚಯವಾಗಿ ಗುಣಪಡಿಸಿದ್ದಾನೆ, ಇಲ್ಲವಾದರೆ ತನ್ನ ಮೇಲೆ ಆತನಿಗೆ ಕೋಪವುಂಟು ಎಂದು ನಿರ್ಣಯಿಸಿಕೊಂಡನು.

ಹಿಂದಿನ ರಾತ್ರಿ ಮಳೆಯಾಗಿತ್ತು. ಏರಿಯ ಮಣ್ಣು ಕಲಸಿದ ಹಿಟ್ಟಿನಂತಿತ್ತು. ವೈದ್ಯರ ಮಾತನ್ನು ಮರೆತು ಅವನು ಮುಂದಿನವರ ಜೊತೆಯಲ್ಲಿ ಓಡಿದನು. ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಕಾಲು ನಡುಗಿತು, ಕಣ್ಣು ಕತ್ತಲೆಗೂಡಿತು. ಜಾರಿ ಮೊಣಕಾಲೂರಿ ಬಿದ್ದನು. ಅಲ್ಲಿಯೇ ಏರಿಯ ಅಂಚಿನಲ್ಲಿ ಕುಳಿತುಕೊಂಡನು. ಹಿಂದಿನಿಂದ ನಡೆದು ಬರುತ್ತಿದ್ದ ವಯಸ್ಸಾದ ಒಬ್ಬ ತಾಯಿಯು ನಿಂತು, ತನ್ನ ಬಾಟಲಿಯಲ್ಲಿದ್ದ ಉಪ್ಪು ಸಕ್ಕರೆಯ ನೀರನ್ನು ಅವನಿಗೆ ಕುಡಿಸಿ, “ಕೆಸರಿನಲ್ಲಿ ಅವಸರ ಏನಪ್ಪಾ? ದಣಿವು ಆರಲಿ. ಆಮೇಲೆ ಏಳುವದಾದರೆ ನನ್ನ ಸಂಗಡ ಬಾ” ಅಂದಳು. ಬಹಳ ಹೊತ್ತಿನ ಮೇಲೆ ಅವನು ಎದ್ದು ಆಕೆಯ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆದನು. ಮುಗಿಸುವಾಗ ಎರಡು ತಾಸು ಮೀರಿತ್ತು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವನು ನನ್ನ ಬಳಿಗೆ ಬಂದು, ತಲೆ ತಗ್ಗಿಸಿ, “ಅಯ್ಯನವರೇ, ದೇವರು ನನ್ನನ್ನು ಗುಣಪಡಿಸಲಿಲ್ಲವೋ?” ಎಂದು ಕೇಳಿದನು.

ಪ್ರಿಯರೇ, ಈ ಪ್ರಶ್ನೆಯು ಅವನೊಬ್ಬನದಲ್ಲ. ನಮ್ಮ ಹಿರಿಯರು ಗುಡಿಯ ಮುಂದೆ ನಿಂತು, ಹೂವು ಬಲಗಡೆ ಬಿದ್ದರೆ ಒಳ್ಳೇದು, ಎಡಗಡೆ ಬಿದ್ದರೆ ಕೇಡು ಎಂದು ನೋಡುತ್ತಿದ್ದರು. ನಾವು ಅದನ್ನು ಬಿಟ್ಟುಬಂದೆವೆಂದು ಹೇಳಿಕೊಳ್ಳುತ್ತೇವೆ. ಆದರೂ ಮಗುವಿನ ಜ್ವರ ಇಂಥ ದಿನದೊಳಗೆ ಇಳಿದರೆ, ಇಂಥ ಹೊಲ ಫಲಕೊಟ್ಟರೆ, ದೇವರು ನಮ್ಮವನು ಎಂದು ಮನಸ್ಸಿನೊಳಗೆ ಗುರುತಿಡುವದಾದರೆ, ಅದೇ ಹೂವನ್ನು ಕ್ರಿಸ್ತನ ಮುಂದೆ ಇಟ್ಟ ಹಾಗಾಗಲಿಲ್ಲವೋ?

ನಾನು ಅವನಿಗೆ ಎಪಫ್ರೊದೀತನ ಸಂಗತಿಯನ್ನು ಓದಿ ಹೇಳಿದೆನು. ಸೆರೆಯಲ್ಲಿದ್ದ ಪೌಲನಿಗೆ ಫಿಲಿಪ್ಪಿಯ ಸಭೆಯವರು ಕಳುಹಿಸಿದ ಸಹಾಯವನ್ನು ತಂದ ಮನುಷ್ಯನು ಇವನೇ. ಬಂದವನು ರೋಗದಲ್ಲಿ ಬಿದ್ದು ಸಾವಿನ ಹತ್ತಿರಕ್ಕೆ ಹೋದನು. ಪೌಲನ ಕೈಯಿಂದ ಅನೇಕ ರೋಗಿಗಳು ಸ್ವಸ್ಥರಾಗಿದ್ದರು. ಆದರೂ ಈ ಆಪ್ತಸ್ನೇಹಿತನು ಮಂಚದಲ್ಲಿ ನರಳಿದನು. ತ್ರೊಫಿಮನನ್ನು ಪೌಲನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಹೋಗಬೇಕಾಯಿತು. ತಿಮೊಥೆಗೆ ಆಗಾಗ್ಗೆ ಅಸ್ವಸ್ಥತೆ ಇತ್ತು. ಇವರ ಮೇಲೆ ದೇವರಿಗೆ ಕೋಪವಿತ್ತೆಂದು ಅಪೊಸ್ತಲನು ಎಲ್ಲಿಯೂ ಬರೆಯಲಿಲ್ಲ. ಎಪಫ್ರೊದೀತನು ಚೇತರಿಸಿಕೊಂಡದ್ದನ್ನು ಅವನು ದೇವರ ಕರುಣೆಯೆಂದೇ ಹೇಳಿದನು. ಎಷ್ಟು ಬೇಗ ಚೇತರಿಸಿಕೊಂಡನೆಂದು ಲೆಕ್ಕಹಾಕಲಿಲ್ಲ.

ಇನ್ನೊಂದು ಮಾತನ್ನು ಗಮನಿಸಿರಿ. ಗುರಿಯ ಕಡೆಗೆ ಓಡುವ ವಿಷಯವನ್ನು ಪೌಲನು ಬರೆದದ್ದು ಇದೇ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ. ಈ ಪತ್ರಿಕೆಯನ್ನು ಫಿಲಿಪ್ಪಿಗೆ ಹೊತ್ತುಕೊಂಡು ಹೋದವನು ಎಪಫ್ರೊದೀತನೇ ಎಂದು ವೇದಪಂಡಿತರು ಎಣಿಸುತ್ತಾರೆ. ಪೌಲನು ಆಗ ರೋಮಾಪುರದಲ್ಲಿ ಇದ್ದನೆಂಬ ಬಹುಕಾಲದ ನಂಬಿಕೆಯಂತೆ ನೋಡಿದರೆ, ಆ ದಾರಿಯು ಸಾವಿರ ಕಿಲೋಮೀಟರಿಗಿಂತ ಹೆಚ್ಚು. ಬೆಂಗಳೂರಿನಿಂದ ಮುಂಬಯಿಗೆ ಹೋಗುವಷ್ಟು ದೂರ, ನಡುವೆ ಸಮುದ್ರ ಬೇರೆ. ಹೀಗೆ ಓಟದ ಉಪದೇಶವನ್ನು ಹೊತ್ತವನು ರೋಗದಿಂದ ಹೊಸದಾಗಿ ಎದ್ದವನಾಗಿದ್ದನು! ಅವನು ವೇಗವಾಗಿ ಹೋದನೆಂದು ಎಲ್ಲಿಯೂ ಬರೆದಿಲ್ಲ. ಆದರೆ ಪತ್ರಿಕೆಯು ಸೇರಿತು. ಇಂದು ನಮ್ಮ ಕೈಯಲ್ಲಿದೆ.

ಹಿಂದಿನವುಗಳನ್ನು ಮರೆಯುವದರ ಕುರಿತು ಪೌಲನು ಅಲ್ಲಿ ಹೇಳುತ್ತಾನೆ. ಮರೆಯತಕ್ಕದ್ದು ಹಳೆಯ ಪಾಪವನ್ನು ಮಾತ್ರವೆಂದು ನಾವು ನೆನಸುತ್ತೇವೆ. ಆದರೆ ಆ ಅಧ್ಯಾಯದಲ್ಲಿ ಅವನು ಮೊದಲು ಎಣಿಸಿದ್ದು ತನ್ನ ಹಿಂದಿನ ಹೆಚ್ಚಳಗಳನ್ನೇ. ನಮ್ಮ ಯೌವನಸ್ಥನಿಗೆ ಭಾರವಾದದ್ದು ಏರಿಯ ಕೆಸರಲ್ಲ, ಹೋದ ವರುಷದ ಆ ಒಂದು ತಾಸು. ಅದನ್ನು ಹೊತ್ತು ಓಡಿದ್ದರಿಂದಲೇ ಬಿದ್ದನು. ಅದನ್ನು ಕೆಳಗಿಟ್ಟು ಎದ್ದಾಗ ನಡೆದನು.

ಗದ್ದೆಯಲ್ಲಿ ನಾಟಿ ಮಾಡುವವರಾದ ನಿಮಗೆ ಇದು ಹೊಸದಲ್ಲ. ಕೆಸರಿನಲ್ಲಿ ಓಡುವವನು ಬೀಳುವನು. ಪಾದವನ್ನು ಊರಿ, ಊರಿ ನಡೆಯುವವನು ಸಾಲು ಮುಗಿಸುವನು. ಆತ್ಮದ ರೋಗದಲ್ಲಿಯೂ ಹಾಗೆಯೇ. ಕುಡಿತವನ್ನು ಬಿಟ್ಟು ಸಭೆಗೆ ತಿರುಗಿಬಂದವನಿಗೆ ಮೊದಲಿನ ವಾರಗಳೇ ಅಪಾಯದ ದಿನಗಳು. ಅವನನ್ನು ನೋಡಿ, ಇವನು ಎಷ್ಟು ದಿನ ಇರುವನೋ ಎಂದು ನಗಬೇಡಿರಿ. ಬಾಗಿಲಿನಲ್ಲಿ ಕುಳಿತವನನ್ನು ಹತ್ತಿರ ಕರೆದು ಕೂಡ್ರಿಸಿರಿ.

ಎಪಫ್ರೊದೀತನನ್ನು ಸಂತೋಷದಿಂದ ಸೇರಿಸಿಕೊಂಡು ಅಂಥವರನ್ನು ಗೌರವಿಸಬೇಕೆಂದು ಪೌಲನು ಸಭೆಗೆ ಅಪ್ಪಣೆಕೊಟ್ಟನು. ಈ ಗೌರವವು ಬರೀ ಬಾಯಿಮಾತಲ್ಲ. ಕೂಲಿ ಮಾಡುವವನು ಜ್ವರ ಬಿಟ್ಟ ಮರುದಿನವೇ ಕೆಲಸಕ್ಕೆ ಹೋಗುವದು ಆಶೆಯಿಂದಲ್ಲ, ಒಲೆ ಹೊತ್ತಬೇಕೆಂಬ ಕಾರಣದಿಂದ. ನಾಟಿಯ ಕಾಲದಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುವ ನೀವು, ರೋಗಿಯ ಹೊಲಕ್ಕೆ ಮುಯ್ಯಿಯನ್ನು ಎದುರುನೋಡದೆ ನಾಲ್ಕು ದಿನ ಹೋಗಲಾರಿರೋ? ಒಂದು ಸೇರು ಅಕ್ಕಿಯನ್ನೂ ಒಂದು ಚೊಂಬು ಹಾಲನ್ನೂ ಅವನ ಮನೆಗೆ ಮುಟ್ಟಿಸಲಾರಿರೋ? ಏರಿಯ ಮೇಲೆ ನಿಂತ ಆ ತಾಯಿಯು ಪ್ರಸಂಗವನ್ನು ಮಾಡಲಿಲ್ಲ. ನೀರು ಕೊಟ್ಟಳು, ತನ್ನ ಹೆಜ್ಜೆಯನ್ನು ಅವನ ಹೆಜ್ಜೆಗೆ ಸರಿಮಾಡಿದಳು.

“ನೀನು ಕೇಳಿದ ಗುರುತನ್ನು ದೇವರು ಕೊಡಲಿಲ್ಲ, ಮಗನೇ,” ಎಂದು ನಾನು ಅವನಿಗೆ ಹೇಳಿದೆನು, “ಆದರೆ ನೀನು ಬಿದ್ದ ಸ್ಥಳಕ್ಕೆ ಒಬ್ಬಳನ್ನು ಕಳುಹಿಸಿದನು.” ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಆಕೆಯ ಹೆಸರನ್ನೂ ಕೇಳಲಿಲ್ಲ, ಅಯ್ಯನವರೇ,” ಎಂದು ಹೇಳಿ ಕಣ್ಣೊರಸಿಕೊಂಡನು.

ಪ್ರಾರ್ಥಿಸೋಣ: ಕರುಣೆಯುಳ್ಳ ತಂದೆಯೇ, ಹಾಸಿಗೆಯಿಂದ ಈಗತಾನೇ ಎದ್ದವರನ್ನು ನೆನಪುಮಾಡು. ನಿನ್ನನ್ನು ಪರೀಕ್ಷಿಸುವ ಮನಸ್ಸನ್ನು ನಮ್ಮಿಂದ ತೆಗೆ. ಹಿಂದಿನ ಬಲವನ್ನು ಕುರಿತು ಹೊಗಳಿಕೊಳ್ಳದೆ, ಇಂದಿನ ಹೆಜ್ಜೆಯನ್ನು ನಿನ್ನ ಕೈಹಿಡಿದು ಇಡುವಂತೆ ಮಾಡು. ಹಿಂದುಳಿದವರ ಜೊತೆಯಲ್ಲಿ ನಡೆಯುವ ತಾಳ್ಮೆಯನ್ನು ನಮ್ಮ ಸಭೆಗಳಿಗೆ ಅನುಗ್ರಹಿಸು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ. ಆಮೆನ್.