ಮಡಿಕೆ ಬೀಳದ ನೋಟು ಮತ್ತು ಪರಿಗ್ರಹ ಪರಿಮಾಣ ವ್ರತ

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮವನ್ನು ಆರಾಧಿಸುವ ಶ್ರಾವಕನು ಉಪವಾಸದಿಂದ ಉದರವನ್ನು ಬರಿದು ಮಾಡಿದರೆ ಸಾಲದು. ಮನೆಯ ಪೆಟ್ಟಿಗೆಯನ್ನೂ ತೆರೆದು ನೋಡಬೇಕು.

ಕೊಪ್ಪಳ, ಗಿಣಿಗೇರಾಗಳ ಸೀಮೆಯು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿ ದುರ್ಲಭವಾಗಲು, 1918ರಲ್ಲಿ ಹೈದರಾಬಾದು ಸರಕಾರವು ಕಾಗದದ ನೋಟುಗಳನ್ನು ಹೊರಡಿಸಿತು. ಉರ್ದುವಿನೊಡನೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಅವುಗಳ ಬೆಲೆಯನ್ನು ಮುದ್ರಿಸಿತ್ತು. 1959ರಲ್ಲಿ ಆ ನಾಣ್ಯಪದ್ಧತಿಯು ಕೊನೆಗೊಂಡಿತು. ಇಂದು ಅವೇ ನೋಟುಗಳನ್ನು ಸಂಗ್ರಾಹಕರು ಮುಖಬೆಲೆಯ ಅನೇಕ ಪಟ್ಟು ಕೊಟ್ಟು ಕೊಳ್ಳುತ್ತಾರೆ. 1922ರಲ್ಲಿ ‘ಈಜಿಪ್ಟ್’ ಎಂಬ ಹಡಗಿನೊಡನೆ ಫ್ರಾನ್ಸಿನ ಕರಾವಳಿಯಾಚೆ ಮುಳುಗಿ, ಬಳಿಕ ಸಮುದ್ರತಳದಿಂದ ಮೇಲೆತ್ತಲಾದ, ರುಜುವಿಲ್ಲದ ಹೈದರಾಬಾದಿನ ನೋಟುಗಳಿಗೂ ಬೇಡಿಕೆಯುಂಟು.

ಪರಿಗ್ರಹ ಪರಿಮಾಣ ವ್ರತವನ್ನು ಕೈಕೊಂಡ ಗೃಹಸ್ಥನೊಬ್ಬನ ಮನೆಯಲ್ಲಿ ಇಂತಹ ನೋಟುಗಳ ಕಟ್ಟೊಂದು ದೊರೆಯಿತೆಂದು ಭಾವಿಸೋಣ. ಅವನು ಅದನ್ನು ಚಲಾವಣೆಯಿಲ್ಲದ ಕಾಗದವೆಂದು ಎಣಿಸಿ ವ್ರತದ ಲೆಕ್ಕದಿಂದ ಹೊರಗಿಡುತ್ತಾನೆ. ವ್ಯಾಪಾರಿ ಬಂದಾಗ ಅದನ್ನೇ ನಿಧಿಯೆಂದು ಬೆಲೆ ಹೇಳುತ್ತಾನೆ. ಗುರುಸನ್ನಿಧಿಗೊಂದು ತಕ್ಕಡಿ, ಅಂಗಡಿಗೊಂದು ತಕ್ಕಡಿ! ಇಲ್ಲಿ ವ್ರತಕ್ಕೆ ಅತಿಚಾರವೊದಗುವುದು ಕಾಗದದಿಂದಲ್ಲ, ಕಪಟದಿಂದ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮಮತ್ವದಲ್ಲಿ ಹೇಳಿದುದರ ಮರ್ಮವಿದೇ.

ಹಾಗಾದರೆ ಸಂಗ್ರಹವೇ ಪಾಪವೇ? ಅಲ್ಲ. ನಾಡಿನ ಇತಿಹಾಸವನ್ನರಿಯಲು ಹಳೆಯದನ್ನು ಕಾಪಾಡುವುದು ಜ್ಞಾನಕ್ಕೆ ಸಹಾಯಕವೇ ಸರಿ. ಆದರೆ ವಿವೇಕಿಯು ಒಂದು ಮಾತನ್ನು ಚಿಂತಿಸಬೇಕು. ಸಂಗ್ರಾಹಕರು ಮೆಚ್ಚುವುದು ಮಡಿಕೆ ಬೀಳದ, ಮಾಸದ, ಕೈಯಿಂದ ಕೈಗೆ ಹೋಗದ ನೋಟನ್ನು. ಅಂತಹ ನೋಟು ಯಾವ ಹಸಿದವನಿಗೂ ಜೋಳವನ್ನು ತಂದುಕೊಡಲಿಲ್ಲ, ಯಾವ ರೋಗಿಗೂ ಔಷಧವಾಗಲಿಲ್ಲ. ಹರಿದು ಜೀರ್ಣವಾದ ನೋಟಾದರೋ ತನ್ನ ಕೆಲಸವನ್ನು ಮುಗಿಸಿತು. ಪೇಟೆಯಲ್ಲಿ ಮೊದಲನೆಯದು ಶ್ರೇಷ್ಠ, ದಾನಮಾರ್ಗದಲ್ಲಿ ಎರಡನೆಯದು.

ಆದುದರಿಂದ ವ್ರತಿಕನು ಇಂತಹ ವಸ್ತುವನ್ನು ಇಂದಿನ ಬೆಲೆಯಲ್ಲಿಯೇ ಲೆಕ್ಕಕ್ಕೆ ಸೇರಿಸಲಿ. ಮಿತಿಯೊಳಗಿದ್ದರೆ ನಿರ್ಮಮಭಾವದಿಂದ ಇಟ್ಟುಕೊಳ್ಳಲಿ. ಮಿತಿ ಮೀರಿದರೆ ಮಿತಿಯನ್ನು ಹಿಗ್ಗಿಸದೆ, ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಿ; ಇಲ್ಲವೇ ಮಾರಿ, ಬಂದುದನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ವಿನಿಯೋಗಿಸಲಿ.

ಗಿಣಿಗೇರಾದ ನೆರೆಯಲ್ಲಿಯೇ ಇರುವ ಕೊಪ್ಪಳವು ಶಾಸನಗಳು ಕೊಂಡಾಡುವ ಕೊಪಣ ಮಹಾತೀರ್ಥ. ಅಲ್ಲಿಯ ಪಾಲ್ಕಿಗುಂಡಿನ ಬಳಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತನು ಕಲ್ಲಿನಲ್ಲಿ ಮಾಡಿಸಿದ್ದಾನೆ. ಏನನ್ನೂ ಕೂಡಿಡದ ಮುನಿಗಳ ಹೆಜ್ಜೆಯ ಗುರುತು ಶತಮಾನಗಳಿಂದ ಅಳಿಯದೆ ಉಳಿದಿದೆ. ಪೆಟ್ಟಿಗೆಯ ಕೀಲಿಯನ್ನು ಹಿಡಿದ ಶ್ರಾವಕನು ಒಮ್ಮೆ ಆ ಪಾದಗಳನ್ನು ನೆನೆಯಲಿ.