ಹೆಸರು ಕೇಳದ ಕುರ್ಚಿ

ವಡಗಾವಿಯ ಓಣಿಗಳಲ್ಲಿ ಮಗ್ಗದ ಸದ್ದು ನಿಂತರೆ ನಮಗೆ ಭಯ. ಸದ್ದು ನಿಂತ ದಿನ ಕೂಲಿಯೂ ಇಲ್ಲ. ಆದರೆ ಆ ಸದ್ದಿನೊಳಗೆ ಓದುವುದು ಹೇಗೆ? ಇರುವುದು ಒಂದೇ ಖೋಲಿ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ನಮ್ಮ ಡಿಗ್ರಿ. ಹೀಗಾಗಿ ನಾವು ಸೈಬರ್ ಕೆಫೆಗೆ ಹೋಗತೊಡಗಿದೆವು. ಖಾನಾಪುರದಿಂದ ಬಸ್ಸಿನಲ್ಲಿ ಬರುವ ಗೆಳೆಯರೂ ಅಲ್ಲೇ ಸೇರುತ್ತಿದ್ದರು. ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕು, ರಿಸಲ್ಟ್ ನೋಡಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದೆವು. ಖರೆ ಹೇಳಬೇಕೆಂದರೆ, ಯಾರ ಮಗ ಅಂತ ಯಾರೂ ಕೇಳದ ಕುರ್ಚಿಯಲ್ಲಿ ಒಂದು ತಾಸು ಕೂಡಲು ಹೋಗುತ್ತಿದ್ದೆವು.

ಚಹಾದಂಗಡಿಯಲ್ಲಿ ತಮಗೆ ಕಪ್ಪು-ಬಸಿ ಬೇರೆ ಇಟ್ಟದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಲ್ಲಿ ಮೌಸು ಒಂದೇ. ನಮಗಿಂತ ಮೊದಲು ಯಾರು ಮುಟ್ಟಿದ್ದರೋ, ನಮ್ಮ ನಂತರ ಯಾರು ಮುಟ್ಟುವರೋ! ರೊಕ್ಕ ಕೊಟ್ಟವನಿಗೆ ಕುರ್ಚಿ. ಸಮಾನತೆ ಅಂದರೆ ಇದೇ ಅಲ್ಲವೇ ಅನ್ನಿಸಿತ್ತು.

ಗೆಳೆಯರೇ, ಇದು ಸಮಾನತೆಯೇ?

ಬಾಗಿಲ ಬಳಿ ಒಂದು ರಿಜಿಸ್ಟರ್ ಇತ್ತು. 2011ರ ಕೇಂದ್ರ ನಿಯಮಗಳ ಪ್ರಕಾರ ಗುರುತಿನ ಚೀಟಿ ತೋರಿಸಬೇಕು, ಬಂದುಹೋದವರ ದಾಖಲೆಯನ್ನು ಒಂದು ವರ್ಷ ಇಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಕಾನೂನು ಜಾತಿ ಕೇಳಿಲ್ಲ, ನಿಜ. ಆದರೆ "ಅಡ್ಡಹೆಸರ ಏನ್ ಬರೀಲಿ ತಮ್ಮಾ?" ಅಂದರೆ ನಮ್ಮ ಕಡೆ ಅಷ್ಟೇ ಸಾಕು. ನಾವು ಬಾಯಿ ತೆರೆಯುವ ಮೊದಲೇ ಅಡ್ಡಹೆಸರು ಎಲ್ಲ ಹೇಳಿಬಿಡುತ್ತದೆ.

ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿದ ಬಾಬಾಸಾಹೇಬರು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ, ಒಂದು ಪಾರ್ಸಿ ವಸತಿಗೃಹದ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಬೇಕಾಯಿತು. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಗೆ ನಡೆ ಅಂದರು. ರೊಕ್ಕ ಅವರನ್ನು ಕಾಯಲಿಲ್ಲ.

ಇನ್ನು ರೊಕ್ಕವೇ ಇಲ್ಲದವನ ಗತಿ? ಟೋಕಿಯೋದ ಇಂಟರ್ನೆಟ್ ಕೆಫೆಗಳನ್ನು ನೋಡಿರಿ. ತೆಳು ಹಲಗೆಯ ಗೂಡು, ಒಂದು ಕಂಪ್ಯೂಟರ್, ರಾತ್ರಿಗಿಷ್ಟು ದರ. ಮನೆ ಹಿಡಿಯಲು ಮುಂಗಡವನ್ನೂ ಜಾಮೀನನ್ನೂ ಹೊಂದಿಸಲಾಗದ ದುಡಿಯುವ ಜನ ಅಲ್ಲೇ ಮಲಗುತ್ತಾರೆ. ಇಂಥವರು ದೇಶದಲ್ಲಿ ಸುಮಾರು 5,400 ಎಂದು 2007ರಲ್ಲಿ ಜಪಾನ್ ಸರ್ಕಾರವೇ ಲೆಕ್ಕ ಹಾಕಿತು. 2018ರಲ್ಲಿ ಟೋಕಿಯೋ ಆಡಳಿತ ತನ್ನೊಂದೇ ನಗರದಲ್ಲಿ ಸುಮಾರು 4,000 ಎಂದಿತು. ಅಲ್ಲಿಯೂ ರೊಕ್ಕ ಕೊಟ್ಟವನಿಗೆ ಕುರ್ಚಿ. ರೊಕ್ಕ ಮುಗಿದರೆ ಬೀದಿ. ಬಾಡಿಗೆಗೆ ಸಿಕ್ಕ ಸಮಾನತೆಯ ಆಯುಷ್ಯ ಇಷ್ಟೇ.

ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯದು. ಆದರೆ ಒಂದೇ ಖೋಲಿಯಲ್ಲಿ ಆರು ಜನ ಇರುವವರು ಆ ಹಕ್ಕನ್ನು ಎಲ್ಲಿ ಇಟ್ಟುಕೊಳ್ಳಬೇಕು? ಈಗ ಕೈಗೆ ಮೊಬೈಲು ಬಂದಿದೆ. ಖೋಲಿ ಅದೇ, ಸದ್ದು ಅದೇ.

1927ರಲ್ಲಿ ಮಹಾಡ್‌ಗೆ ಹೋದವರು ನೀರು ಕೊಳ್ಳಲು ಹೋಗಲಿಲ್ಲ. ಕೆರೆ ನಮ್ಮದೂ ಹೌದು ಎನ್ನಲು ಹೋದರು. ಓದುವ ಜಾಗವೂ ಕೆರೆಯೇ. ಹಳ್ಳಿಯ ಮಾಸ್ತರರೇ, ನಿಮ್ಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ಸಂಜೆ ತೆರೆದಿರುತ್ತದೆಯೇ? ಕೇರಿಯ ಹುಡುಗಿ ಅಲ್ಲಿ ಬಂದು ಕೂಡುತ್ತಾಳೆಯೇ? ಒಮ್ಮೆ ಹೋಗಿ ನೋಡಿರಿ.

ಹೆಸರು ಮುಚ್ಚಿಟ್ಟು ಕೂತ ಆ ಒಂದು ತಾಸು ನಮಗೆ ಸುಖ ಕೊಟ್ಟಿತು, ಸುಳ್ಳೇಕೆ ಹೇಳೋಣ? ಆದರೆ ಇನ್ನು ನಾವು ಕೇಳುವ ಕುರ್ಚಿ ಬೇರೆ. ಹೆಸರನ್ನೂ ಅಡ್ಡಹೆಸರನ್ನೂ ದೊಡ್ಡ ದನಿಯಲ್ಲಿ ಹೇಳಿದ ಮೇಲೂ "ಏಳು" ಅಂತ ಯಾರೂ ಅನ್ನಬಾರದು.